ಮಗಳ ಕೈ ಎಡಗಿವಿ ಮುಟ್ಟಿದ ದಿನ

ಗೇಟಿನ ಮುಂದೆ ನಿಂತಿದ್ದರೂ ಅದು ಶಾಲೆಯೋ ಆಸ್ಪತ್ರೆಯೋ ನನಗೆ ತಿಳಿಯಲಿಲ್ಲ ನೋಡಿ! ಬೋರ್ಡಿನ ತುಂಬ ತಮಿಳು. ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ತಮಿಳು ಸೀಮೆಯ ಈ ಪೋತ್ತನೂರಿಗೆ ಬಂದು ಹೆಬ್ಬೆಟ್ಟಾಗಿದ್ದೆ. ಒಳಗಿನಿಂದ ಮಕ್ಕಳ ಮಗ್ಗಿಯ ರಾಗ ಕೇಳಿದ ಮೇಲೇ ಗೊತ್ತಾದದ್ದು.

ನಮ್ಮವರಿಗೆ ಇಲ್ಲಿನ ರೈಲ್ವೆಗೆ ವರ್ಗವಾಗಿತ್ತು. ಮಗಳು ಸುಮಾಗೆ ಆಗಷ್ಟೇ ಐದು ತುಂಬಿತ್ತು. "ತಲೆ ಮೇಲಿಂದ ಬಲಗೈ ಹಾಕಿ ಎಡಗಿವಿ ಮುಟ್ಟಿದ್ರೆ ಇಲ್ಲೇ ಸೇರಿಸೋಣ. ಮುಟ್ಟದಿದ್ರೆ ನೀವಿಬ್ರೂ ನಿನ್ನ ತವರಿಗೆ ಹೋಗಿ, ಮುಂದಿನ ವರ್ಷ ಅಲ್ಲೇ ಕನ್ನಡ ಶಾಲೆಗೆ ಹಾಕು" ಎಂದಿದ್ದರು. ಅದಕ್ಕೇ ನಾನು ಅವಳ ಜಡೆಯನ್ನು ನೆತ್ತಿಯ ಮೇಲೆ ಸುತ್ತಿ, ಅದರ ಮೇಲೊಂದು ದಪ್ಪ ಮಲ್ಲಿಗೆ ದಂಡೆ ಕಟ್ಟಿದ್ದೆ. ಆ ಗುಡ್ಡ ದಾಟಿ ಕೈ ಹೋದೀತೆ!

ಕೊಂಕು ಹುಡುಕಲೆಂದೇ ಕಣ್ಣಾಡಿಸಿದೆ. ಗುಡಿಸಿದ ಅಂಗಳ, ಬೇವಿನ ನೆರಳು, ಮರಳಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವ ಮಕ್ಕಳು. ಮಧ್ಯಾಹ್ನದ ಸರ್ಕಾರಿ ಊಟಕ್ಕೆ ಸಾಂಬಾರು ಕುದಿಯುತ್ತಿತ್ತು. ನಮ್ಮೂರಲ್ಲಿ ಊಟದ ಬೆಲ್ಲಿಗೆ ಮನೆಗೆ ಓಡುತ್ತಿದ್ದೆವು, ಅವ್ವ ರೊಟ್ಟಿ ಬಡಿಯುವ ಸದ್ದು ಬೀದಿಗೇ ಕೇಳುತ್ತಿತ್ತು. ಕೊಂಕೇನೂ ಸಿಗಲಿಲ್ಲ, ಹಾಳಾದ್ದು.

ನಾನೂ ಸುಮಾನೂ ಆಡುತ್ತಿದ್ದ ಮಾತು ಕೇಳಿ ಹೊರಬಂದ ಟೀಚರಮ್ಮನ ಮುಖ ಅರಳಿತು. "ಕನ್ನಡದವ್ರಾ? ನಾವೂ ಮನೇಲಿ ಕನ್ನಡಾನೇ ಅಮ್ಮಾ. ತಾತನ ಕಾಲದಿಂದ ಇಲ್ಲೇ ನೇಯ್ಗೆ." ತಮಿಳಿನ ರಾಗವಿದ್ದರೂ ನನ್ನ ಕಿವಿ ತಣ್ಣಗಾಯಿತು.

"ಹಂಗಾದ್ರೆ ಇವಳಿಗೆ ಕನ್ನಡ ಓದೋದು ಕಲಿಸ್ತೀರಾ?"

"ಮಾತು ಮಾತ್ರ ಅಮ್ಮಾ. ಎಳುತ್ತು ತೆರಿಯಾದು." ಅಕ್ಷರ ಬಾರದು ಎಂದರ್ಥ. ನನ್ನ ಮಗಳೂ ಹೀಗೇ ಆಗುತ್ತಾಳೆ ಎಂದು ಅವಳ ದಂಡೆಯನ್ನು ಇನ್ನಷ್ಟು ಬಿಗಿ ಮಾಡಿದೆ.

"ಬಾ ಕಣ್ಣೂ, ಕೈ ಎತ್ತು" ಎಂದು ಟೀಚರಮ್ಮ ಸುಮಾಳನ್ನು ತಮಿಳರಂತೆ ಮುದ್ದಿನಿಂದ ಕರೆದರು.

ಸುಮಾಳ ಬೆರಳು ಕಿವಿಗಿಂತ ತುಸು ಮೇಲೇ ನಿಂತಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಟೀಚರಮ್ಮ ನಕ್ಕರು. "ಮದುವೆ ಹೆಣ್ಣಿಗೂ ಇಷ್ಟು ಹೂವಿರಲ್ಲ ಅಮ್ಮಾ!" ದಂಡೆ ಬಿಚ್ಚಿ ನನ್ನ ಕೈಗಿತ್ತು, ಜಡೆ ಇಳಿಬಿಟ್ಟರು. ಸುಮಾ ಕಿವಿ ಹಿಡಿದುಕೊಂಡೇ ಕುಣಿದಳು.

ಈಗ ಉಕ್ಕಡಂಗೆ ಹೋಗುವ ಬಸ್ಸಿನ ಬೋರ್ಡು ನನಗೆ ಓದಿ ಹೇಳುವವಳು ಅವಳೇ. ಮನೆಯಲ್ಲಿ ಕನ್ನಡ ತಿದ್ದಿಸಲು ಕೂರಿಸಿದರೆ "ನಾಳೆ ಅಮ್ಮಾ" ಎಂದು ಓಡುತ್ತಾಳೆ.

ಈ ಬೇಸಿಗೆ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದೆವು. ನಾನು ಓದಿದ ಶಾಲೆಯ ಮುಂದೆ ಅವಳನ್ನು ನಿಲ್ಲಿಸಿದೆ. ಒಳಗೆ ಮಕ್ಕಳ ಸದ್ದಿರಲಿಲ್ಲ. ಬೋರ್ಡನ್ನು ಬಹಳ ಹೊತ್ತು ನೋಡಿ, "ಅಮ್ಮಾ, ಇದು ಆಸ್ಪತ್ರೆಯಾ?" ಎಂದಳು.

ನೀನು ಓದಬೇಕಿದ್ದ ಶಾಲೆ ಎಂದು ಬಾಯಿಗೆ ಬಂತು. "ನನ್ನ ಶಾಲೆ ಕಣೇ" ಎಂದೆ.