ಕೆರೆಯ ಹೂಳು ಮತ್ತು ನಮ್ಮ ಕೆಸರಮ್ಮ

ಕೆರೆಯ ಅಧ್ಯಯನವೆಂದರೆ ನೀರಿನ ಅಧ್ಯಯನವೆಂದೇ ಬಹುಮಂದಿ ತಿಳಿದಿದ್ದ ಕಾಲದಲ್ಲಿ, ನಮ್ಮ ವಿಭಾಗದ ಕಣ್ಣನ್ನು ತಳದ ಹೂಳಿನತ್ತ ಹೊರಳಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರು. ರಬ್ಬರ್ ಬೂಟು ತೊಟ್ಟೇ ತರಗತಿಗೆ ಬರುತ್ತಿದ್ದ ಅವರಿಗೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟ ಹೆಸರು ‘ಕೆಸರಮ್ಮ’. ಅದು ಕಿವಿಗೆ ಬಿದ್ದ ದಿನ, “ಸದ್ಯ, ಪಾಚಿಯಮ್ಮ ಅನ್ನಲಿಲ್ಲವಲ್ಲ!” ಎಂದು ನಕ್ಕರಂತೆ.

ಸೇವೆಯ ಆರಂಭದಲ್ಲಿ ಅವರಿಗೆ ಕೀರ್ತಿ ತಂದದ್ದು ಊರಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆಯನ್ನು ಕುರಿತ ವರದಿ. ಊರಿನ ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ ಕೆರೆ ಸೇರುವ ನೈಟ್ರೇಟನ್ನು ಪೂರ್ತಿಯಾಗಿ ತೆಗೆಯಬೇಕೆಂದು ಅವರು ಬರೆದರು. ಅದನ್ನು ನಂಬಿ ನೀರು ಸರಬರಾಜು ಮಂಡಳಿಯ ಮುಖ್ಯ ಎಂಜಿನಿಯರರು ಹೊಸ ಘಟಕ ಕಟ್ಟಿಸಿದರು. ಆ ಎಂಜಿನಿಯರರು ಬೇರೆ ಯಾರೂ ಅಲ್ಲ, ಮೇಡಂ ಅವರ ಅಕ್ಕನ ಗಂಡ. ನೈಟ್ರೇಟೇನೋ ಇಳಿಯಿತು. ಆದರೆ ಮರುಬೇಸಿಗೆಯಲ್ಲಿ ಕೆರೆ ಹಸಿರು ಗಂಜಿಯಂತಾಯಿತು, ಮೀನುಗಳು ಸತ್ತು ತೇಲಿದವು, ನಲ್ಲಿಯ ನೀರು ನಾರತೊಡಗಿತು.

ಆಗಷ್ಟೇ ನಾನು ಅವರ ಬಳಿ ಸಂಶೋಧನೆಗೆ ಸೇರಿದ್ದೆ. ತಳದ ಹೂಳನ್ನು ಪದರ ಕದಡದಂತೆ ಕೊಳವೆಗಳಲ್ಲಿ ಎತ್ತಿ ತಂದು, ಕೆಲವಕ್ಕೆ ನೈಟ್ರೇಟ್ ಬೆರೆಸಿದ ನೀರನ್ನೂ ಕೆಲವಕ್ಕೆ ಬೆರೆಸದ ನೀರನ್ನೂ ತುಂಬಿ, ಆಮ್ಲಜನಕ ಸುಳಿಯದಂತೆ ಮುಚ್ಚಿಟ್ಟೆ. ನೈಟ್ರೇಟ್ ಇಲ್ಲದ ಕೊಳವೆಗಳಲ್ಲೇ ಹೂಳು ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಧಾರಾಳವಾಗಿ ನೀರಿಗೆ ಬಿಟ್ಟಿತ್ತು. ಪಾಚಿಗೆ ಅದೇ ಮೃಷ್ಟಾನ್ನ. ಗುರುಗಳ ವರದಿಗೇ ಎದುರಾದ ಈ ಫಲಿತಾಂಶವನ್ನು ಅವರ ಮುಂದಿಟ್ಟೆ. ಅವರು ಅಂಕಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ, “ಚೆನ್ನಾಗಿ ಮಾಡಿದೀಯ. ಇನ್ನೊಂದ್ಸಲ ಮಾಡೋಣ, ನಾನೂ ಜೊತೆಗೆ ಕೂತ್ಕೋತೀನಿ,” ಎಂದರು. ಮತ್ತೆ ಮಾಡಿದಾಗಲೂ ಫಲಿತಾಂಶ ಬದಲಾಗಲಿಲ್ಲ.

ತಳದಲ್ಲಿ ಆಮ್ಲಜನಕ ತೀರಿದಾಗ ಸೂಕ್ಷ್ಮಜೀವಿಗಳು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಅದೂ ಇಲ್ಲವಾದರೆ ಹೂಳಿನ ಕಬ್ಬಿಣಕ್ಕೆ ಕೈಹಾಕುತ್ತವೆ. ಕಬ್ಬಿಣ ಕರಗಿದೊಡನೆ ಅದು ಹಿಡಿದಿಟ್ಟುಕೊಂಡಿದ್ದ ರಂಜಕ ಹೊರಬೀಳುತ್ತದೆ. ನಮ್ಮ ಕೆರೆಯಲ್ಲಿ ಆದದ್ದು ಇದೇ.

ಬಿಸಿಲಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು. ಆದರೆ ಮೇಡಂ ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ತಮ್ಮ ವರದಿ ಅರ್ಧ ಮಾತ್ರ ಸರಿಯೆಂದೂ, ಉಳಿದರ್ಧವನ್ನು ತೋರಿಸಿದವಳು ತಮ್ಮ ವಿದ್ಯಾರ್ಥಿನಿಯೆಂದೂ ಹೇಳಿದರು. ಎಂಜಿನಿಯರರಿಗೆ ಸಭೆಯ ಮರ್ಯಾದೆ ಮರೆತುಹೋಯಿತು.

“ಏನಮ್ಮಾ, ನಿನ್ನ ಮಾತು ನಂಬಿ ಕಟ್ಟಿಸ್ದೆ. ಈಗ ಜನ ನನ್ನ ಮುಖಕ್ಕೆ ಉಗೀತಾರೆ!”

“ಉಗಿಯೋದಾದ್ರೆ ನನಗೇ ಉಗೀಲಿ, ಭಾವ. ಘಟಕ ದಂಡ ಆಗಲ್ಲ. ಮೊದಲು ಕೆರೆಗೆ ಬರೋ ರಂಜಕ ನಿಲ್ಸೋಣ. ಅಲ್ಲೀವರೆಗೆ ಬೇಸಿಗೇಲಿ ನೈಟ್ರೇಟ್ ಪೂರ್ತಿ ತೆಗೀಬೇಡಿ. ಕುಡಿಯೋ ನೀರಿನ ಮಿತಿ ದಾಟದ ಹಾಗೆ ನಾನೇ ನಿಂತು ನೋಡ್ಕೋತೀನಿ.”

ಮಂಡಳಿ ಗೊಣಗುತ್ತಲೇ ಒಪ್ಪಿತು. ಭಾವ ಮಾತು ಬಿಟ್ಟರು. ಮೇಡಂ ಅಕ್ಕನ ಮನೆಗೆ ಹೋದರೆ ಅವರು ಎದ್ದು ಒಳಕೋಣೆಗೆ ನಡೆಯುತ್ತಿದ್ದರು. ಮೇಡಂ ಮಾತ್ರ ಹೋಗುವುದನ್ನು ಬಿಡಲಿಲ್ಲ, ವಾರವಾರವೂ ಕೆರೆಯ ನೀರನ್ನು ಪರೀಕ್ಷಿಸುವುದನ್ನೂ ಬಿಡಲಿಲ್ಲ. ಪ್ರಬಂಧ ಅಚ್ಚಾದಾಗ ನನ್ನ ಹೆಸರನ್ನೇ ಮೊದಲು ಹಾಕಿಸಿದ ಅವರ ಔದಾರ್ಯವನ್ನು ನಾನು ಎಷ್ಟು ನೆನೆದರೂ ಕಡಿಮೆಯೇ.

ಕೆಲವು ಬೇಸಿಗೆಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಂಜಿನಿಯರರು ತಾವಾಗಿಯೇ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಮನೆಯ ನಲ್ಲಿಯಿಂದ ತುಂಬಿಸಿಕೊಂಡ ನೀರಿನ ಬಾಟಲಿ. “ಕುಡಿದು ನೋಡು. ಒಂಚೂರೂ ವಾಸನೆ ಇಲ್ಲ. ನಿಮ್ಮಕ್ಕ ಊಟಕ್ಕೆ ಕರೀತಿದಾಳೆ,” ಎಂದರು. ಮೇಡಂ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊನ್ನೆ ಬೀಳ್ಕೊಡುಗೆಯ ಮಾತೆತ್ತಲು ಹೋದ ನನ್ನನ್ನು ಅವರು ಕೂರಲೂ ಬಿಡಲಿಲ್ಲ. “ಪಕ್ಕದ ಆಳವಿಲ್ಲದ ಕೊಳದಲ್ಲಿ ಎಲ್ಲಾ ತಿರುಗುಮುರುಗು ಕಣೇ! ನೈಟ್ರೇಟ್ ಹೆಚ್ಚಾದಾಗ್ಲೇ ರಂಜಕ ಜಾಸ್ತಿ ಬರ್ತಿದೆ. ಯಾಕೆ ಹೇಳು?” ನನಗೆ ಗೊತ್ತಿರಲಿಲ್ಲ. “ನನಗೂ ಗೊತ್ತಿಲ್ಲ, ನಾಳೆ ದೋಣಿ ತರ್ಸು,” ಎಂದರು. ಆ ಕೊಳದ ಹೂಳೂ ಅದರಾಚೆಯ ಹತ್ತು ಕೊಳಗಳ ಹೂಳೂ ಅವರ ಕೈಗೆ ಬರುವಷ್ಟು ದೀರ್ಘಾಯುಷ್ಯ ಅವರದಾಗಲಿ. ದೋಣಿಯನ್ನು ನಾನು ತರಿಸಿದ್ದೇನೆ.