ಒಂಟೆಯ ಕ್ಯಾನಿನಲ್ಲಿ ಇಬ್ಬರು

ನಮ್ಮ ಮನೆಯವರಿಗೆ ಬಸ್ ಡಿಪೋದಲ್ಲಿ ಒಂಟೆ ಎಂದು ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಸ್ಟಿಯರಿಂಗ್ ಹಿಡಿದರೆ, ಸಂಜೆ ಡಿಪೋಗೆ ಬಸ್ ಬಿಡುವ ತನಕ ಹನಿ ನೀರು ಮುಟ್ಟದ ಮಹಾಪುರುಷರು ಇವರು. ಬಾಯಿ ಒಣಗಿದರೆ ಬಾಟಲಿಯ ನೀರನ್ನು ಬಾಯಿಗೆ ಸುರಿದುಕೊಂಡು, ಮುಕ್ಕಳಿಸಿ, ಕಿಟಕಿಯಿಂದ ಉಗುಳುತ್ತಾರೆ. ನುಂಗುವಂತಿಲ್ಲ. ನುಂಗಿದ ನೀರು ಹೊರಗೆ ಬರಲು ಜಾಗ ಕೇಳುತ್ತದೆ. ಅವರ ರೂಟಿನ ಎರಡು ತುದಿಯಲ್ಲೂ ಟೀ ಅಂಗಡಿ ಇದೆ, ನೆರಳಿಗೆ ಮರ ಇದೆ, ಸಾರಿಗೆ ಇಲಾಖೆಯ ಸಾಧನೆಗಳ ದೊಡ್ಡ ಬೋರ್ಡೂ ಇದೆ. ಶೌಚಾಲಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ಇದನ್ನು ಅವರು ಕಷ್ಟವೆಂದು ಯಾವತ್ತೂ ಹೇಳಿಕೊಂಡವರಲ್ಲ, ವಿದ್ಯೆ ಎಂದುಕೊಂಡಿದ್ದರು. ಹೊಸದಾಗಿ ಸೇರಿದ ಡ್ರೈವರುಗಳಿಗೆ ಗೇರ್ ಬದಲಿಸುವುದಕ್ಕಿಂತ ಮೊದಲು ಬಾಯಾರಿಕೆ ನುಂಗುವುದನ್ನೇ ಕಲಿಸುತ್ತಿದ್ದರು. "ನೀರು ಕುಡಿಯೋನು ಡ್ರೈವರಲ್ಲ, ಪ್ಯಾಸೆಂಜರು" ಎನ್ನುವುದು ಅವರ ಉಪದೇಶ. ಇಂಥ ಗುರುವಿಗೆ ಶಿಷ್ಯರು ಬೇರೆ ಇದ್ದರು ಎಂಬುದು ಇನ್ನೊಂದು ದುರಂತ.

ಒಂದು ದಿನ ಸೊಂಟದಿಂದ ಶುರುವಾದ ನೋವು ಅವರನ್ನು ಹಿಡಿದು ಹಿಂಡಿತು. ಬಸ್ಸನ್ನು ಸ್ಟಾಪಿನಲ್ಲೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಬಿದ್ದರಂತೆ. ಬೀಳುವುದರಲ್ಲೂ ಶಿಸ್ತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ, ಎಡಗಡೆಯ ಕಿಡ್ನಿ ಎಂದೋ ಸತ್ತು ಸುಕ್ಕುಗಟ್ಟಿದೆ. ಕಲ್ಲು ಕೂತು ದಾರಿ ಕಟ್ಟಿ, ಸದ್ದಿಲ್ಲದೆ ಕೆಲಸ ಮುಗಿಸಿತ್ತು. ಬಲಗಡೆಯದರಲ್ಲೂ ಕಲ್ಲು. ಅದನ್ನು ಪುಡಿ ಮಾಡಿ ತೆಗೆದರು. "ಇನ್ನು ನಿಮಗಿರೋದು ಇದೊಂದೇ. ಇದರಲ್ಲಿ ಮತ್ತೆ ಕಲ್ಲು ಬೆಳೆಯೋಕೆ ಬಿಡ್ಬೇಡಿ" ಎಂದರು ಡಾಕ್ಟರು. ನಮ್ಮ ಮನೆಯವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ.

ಆಗಲೇ ಆ ಸಂಶೋಧನೆ ನಮ್ಮ ಮನೆಗೆ ಕಾಲಿಟ್ಟಿದ್ದು. ಒಮ್ಮೆ ಬಂದ ಕಲ್ಲು ಮತ್ತೆ ಬರದಂತೆ ಒಂದು ಮಾತ್ರೆ ತಡೆಯುತ್ತದೆಯೇ ಎಂದು ಆ ಡಾಕ್ಟರು ಪರೀಕ್ಷೆ ನಡೆಸುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಉತ್ಸವ ಮಾತ್ರೆ. ಯಾರಿಗೆ ಯಾವುದು ಎನ್ನುವುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಔಷಧಿ ಕೊಡುವುದು ನಮ್ಮ ಬೀದಿಯ ಕಾಂಪೌಂಡರಿಗೂ ಬರುತ್ತದೆ. ಆದರೆ ಗೊತ್ತಿಲ್ಲ ಎಂದು ಮೊದಲೇ ಒಪ್ಪಿಕೊಂಡವರನ್ನು ನಾನು ನೋಡಿದ್ದು ಅಲ್ಲೇ. ಸೇರಿದವರಿಗೆ ಸ್ಕ್ಯಾನ್ ಉಚಿತ, ಮತ್ತೆ ಕಲ್ಲು ಬಂದರೆ ದೊಡ್ಡ ಡಾಕ್ಟರೇ ಕೂಡಲೇ ಲೇಸರ್ ಹಾಕಿ ತೆಗೆಯುತ್ತಾರೆ. ಹೊರಗಿನವರಾದರೆ ಸಾಮಾನ್ಯ ಸರದಿ. ಆ ಸರದಿಯಲ್ಲಿ ನಿಂತವರ ಮುಖ ನೋಡಿದ ಮೇಲೆ, ಸಹಿ ಹಾಕಿ ಎಂದು ನಾನೇ ಇವರ ಕೈಗೆ ಪೆನ್ನು ಕೊಟ್ಟೆ.

ನಿಯಮ ಎರಡೇ. ದಿನವಿಡೀ ಧಾರಾಳವಾಗಿ ನೀರು ಕುಡಿಯಬೇಕು. ಆಗಾಗ್ಗೆ, ಅವರು ಹೇಳಿದಾಗ, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರ್ತಿ ಒಂದು ಕ್ಯಾನಿನಲ್ಲಿ ತುಂಬಿ ತಂದುಕೊಡಬೇಕು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವಂತೆ, ಮೊದಲ ಸಲ ಇವರು ರಜೆ ಹಾಕಿ, ಮನೆಯಲ್ಲಿ ಕೂತು, ಬಿಂದಿಗೆಗಟ್ಟಲೆ ಕುಡಿದು, ಕ್ಯಾನನ್ನು ಕಂಠಮಟ್ಟ ತುಂಬಿಸಿದರು. ಸಂಶೋಧನೆಯ ಸಿಸ್ಟರು ಅದನ್ನು ಬೆಳಕಿಗೆ ಹಿಡಿದು, "ಎಷ್ಟು ತಿಳಿಯಾಗಿದೆ! ಎಲ್ಲಾರೂ ನಿಮ್ಮ ಹಾಗೆ ಇದ್ರೆ ನಮಗೆ ಚಿಂತೆನೇ ಇರ್ತಿರ್ಲಿಲ್ಲ" ಎಂದುಬಿಟ್ಟರು. ಅಷ್ಟು ಸಾಕಿತ್ತು. ಶಾಲೆಯಲ್ಲಿ ಒಂದು ಸಲವೂ ಮೇಷ್ಟರ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳದ ಮನುಷ್ಯ, ಐವತ್ತು ದಾಟಿದ ಮೇಲೆ ಮೂತ್ರದಲ್ಲಿ ರ್‍ಯಾಂಕ್ ಪಡೆದರು. ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿದ್ದೇ ಹೇಳಿದ್ದು, ಕಾಫಿ ತಿರಸ್ಕರಿಸಿ ಎದ್ದು ಹೋದವರೂ ಇದ್ದಾರೆ.

ರ್‍ಯಾಂಕ್ ಬಂದ ಮಾರನೆಯ ದಿನದಿಂದ ಯಥಾಪ್ರಕಾರ ಒಂಟೆ. ನಾನು ಕಟ್ಟಿಕೊಟ್ಟ ನೀರು ಸಂಜೆ ಹಾಗೇ ವಾಪಸು ಬರುತ್ತಿತ್ತು. ಕೇಳಿದರೆ, "ಮಾತ್ರೆ ತಗೋತಿದೀನಲ್ಲ ಕಣೇ" ಎನ್ನುತ್ತಿದ್ದರು. ಎರಡನೆಯ ಕ್ಯಾನಿನ ದಿನ ಡಿಪೋ ಮ್ಯಾನೇಜರು ರಜೆ ಕೊಡಲಿಲ್ಲ. ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಡ್ಯೂಟಿಗೆ ಹೋದರು. ಸಂಜೆಗೆ ತಳದಲ್ಲಿ ಕಂಡದ್ದು ಕಾಫಿ ಡಿಕಾಕ್ಷನ್ ಬಣ್ಣದ ನಾಲ್ಕು ಗುಟುಕು. ಇದನ್ನು ಹಿಡಿದುಕೊಂಡು ಸಿಸ್ಟರ ಎದುರು ಹೇಗೆ ನಿಲ್ಲುವುದು? ಇವರಿಗೆ ಕಿಡ್ನಿಯ ಚಿಂತೆ ಇಲ್ಲ, ರ್‍ಯಾಂಕಿನ ಚಿಂತೆ.

ಆಗ ಅವತರಿಸಿದವರು ಇವರ ಬಸ್ಸಿನ ಕಂಡಕ್ಟರು. ಯಾರಿಗೂ ಬಾಕಿ ಚಿಲ್ಲರೆ ವಾಪಸು ಕೊಡದ ಕಾರಣ ಅವರಿಗೆ ಚಿಲ್ಲರೆ ಎಂದೇ ಹೆಸರು. ಪ್ಯಾಸೆಂಜರಿಗೆ ಒಂದು ನಾಣ್ಯ ಬಿಚ್ಚದ ಆ ಮನುಷ್ಯ ಇವರ ವಿಷಯದಲ್ಲಿ ಮಾತ್ರ ಕರ್ಣ. ಇವರನ್ನು ಅಣ್ಣಾ ಎಂದು ಕರೆದು ಎಷ್ಟೋ ವರ್ಷವಾಗಿದೆ, ಬಾಯಿಮಾತಿಗೆ ಕರೆದದ್ದಲ್ಲ. ಡಿಪೋದ ಹಿಂದುಗಡೆ ಏನು ನಡೆಯಿತೆಂದು ಮಾರನೆಯ ದಿನ ಅವರೇ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದರು.

"ಅತ್ತಿಗೆ, ಅಣ್ಣನ ಮಾನ ನಾನು ಕಾಪಾಡ್ದೆ. ಹನಿಗೂಡಿದರೆ ಹಳ್ಳ ಅಂತ ಸುಮ್ನೆ ಹೇಳ್ತಾರಾ? ನನ್ನ ರಾತ್ರಿದೂ ಬೆಳಿಗ್ಗೆದೂ ಸೇರ್ಸಿ ತಂದು ಹಾಕ್ದೆ. ಕ್ಯಾನು ಮೊದಲ್ನೇ ಸಲಕ್ಕಿಂತ ಭಾರ ಇತ್ತು!"

"ನಿಮ್ಮ ತಲೆ ಭಾರ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದೆ.

ಇಬ್ಬರೂ ಬೈಸಿಕೊಂಡರು, ಇಬ್ಬರೂ ನಕ್ಕರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವಲ್ಲ!

ಮುಂದಿನ ಸ್ಕ್ಯಾನಿಗೆ ನಾನೂ ಹೋದೆ. ಚಿಲ್ಲರೆಯೂ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತು, ಆಗಲೇ ಸೆಕ್ಯೂರಿಟಿಯವನ ಜೊತೆ ಹರಟೆ ಶುರು ಮಾಡಿದ್ದರು. ಒಳಗೆ ಡಾಕ್ಟರು ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು.

"ಇರೋ ಒಂದೇ ಕಿಡ್ನೀಲಿ ಮತ್ತೆ ಕಲ್ಲು ಬಂದಿದೆ. ಸದ್ಯಕ್ಕೆ ದಾರಿ ಕಟ್ಟಿಲ್ಲ, ಜಾರಿದ್ರೆ ಕಟ್ಟುತ್ತೆ. ಇಷ್ಟು ನೀರು ಕುಡಿಯೋರಿಗೆ ಹೇಗೆ ಬಂತು ಅಂತ ಕ್ಯಾನಿನ ರಿಪೋರ್ಟ್ ಮತ್ತೆ ತೆಗೆಸಿ ನೋಡ್ದೆ. ಒಬ್ಬ ಮನುಷ್ಯನ ಮೈಯಿಂದ ದಿನಕ್ಕೆ ಇಷ್ಟೇ ಕಸ ಹೊರಗೆ ಹೋಗೋದು ಅಂತ ಒಂದು ಲೆಕ್ಕ ಇರುತ್ತೆ, ಅದು ನೀರು ಕುಡಿದ್ರೆ ಹೆಚ್ಚಾಗಲ್ಲ. ಆ ಲೆಕ್ಕದ ಪ್ರಕಾರ ನೀವು ಇಬ್ಬರು."

ನಮ್ಮ ಮನೆಯವರು ಅಭ್ಯಾಸಬಲದಿಂದ ತಲೆಯಾಡಿಸಿದರು.

"ಎರಡು ದಿನದ್ದು ಒಟ್ಟಿಗೆ ಹಾಕಿದ್ರಾ? ಕೆಲವರು ಮಾಡ್ತಾರೆ. ಹಾಗಾದ್ರೆ ಪರವಾಗಿಲ್ಲ, ಇನ್ನೊಂದು ಕ್ಯಾನ್ ಕೊಟ್ರೆ ಆಯ್ತು, ಈ ವಾರವೇ ಕಲ್ಲು ತೆಗೀತೀನಿ. ಬೇರೆಯವರದ್ದು ಬೆರೆಸಿದ್ರೆ ಮಾತ್ರ ನಿಮ್ಮನ್ನ ಅಧ್ಯಯನದಿಂದ ಕೈಬಿಡ್ಬೇಕಾಗುತ್ತೆ. ನಿಯಮ ನನ್ನ ಕೈಯಲ್ಲಿಲ್ಲ."

"ಎರಡು ದಿನದ್ದೇ ಸಾರ್" ಎಂದೆ ನಾನು. ಇವರು ಬಾಯಿ ತೆರೆಯುವ ಮೊದಲೇ ಹೇಳಿದೆ. ನನ್ನ ಗಂಡನಿಗೆ ಇರುವುದು ಒಂದು ಕಿಡ್ನಿ. ಅದಕ್ಕಾಗಿ ಒಂದು ಸುಳ್ಳೇನು, ನೂರು ಹೇಳುತ್ತೇನೆ. ಇದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಡಾಕ್ಟರಿಗೆ ಹಾಯೆನಿಸಿತು. ಪೆನ್ನು ಕೈಗೆತ್ತಿಕೊಂಡವರು ಹಾಗೇ ನಿಲ್ಲಿಸಿದರು. "ಒಂದೇ ಅನುಮಾನ. ಆ ಕ್ಯಾನಿನಲ್ಲಿ ಪ್ರೋಟೀನ್ ತುಂಬಾ ಹೋಗಿದೆ. ಇವತ್ತು ನೀವು ಇಲ್ಲಿ ಕೊಟ್ಟ ಮೂತ್ರದಲ್ಲಿ ಸ್ವಲ್ಪವೂ ಇಲ್ಲ."

"ಹೋದ್ರೆ ಏನಾಗುತ್ತೆ ಸಾರ್?" ಇವರು ಮೊದಲ ಸಲ ಬಾಯಿಬಿಟ್ಟರು.

"ಕಿಡ್ನಿ ಸೋರ್ತಿದೆ ಅಂತ ಅರ್ಥ. ನೋವು ಇರಲ್ಲ, ಏನೂ ಗೊತ್ತಾಗಲ್ಲ. ಈಗ ಗೊತ್ತಾದ್ರೆ ಔಷಧಿಯಲ್ಲಿ ಹಿಡಿದು ನಿಲ್ಲಿಸಬಹುದು. ಗೊತ್ತಾಗದೆ ಓಡಾಡ್ಕೊಂಡಿದ್ರೆ ಡಯಾಲಿಸಿಸ್‌ಗೆ ಬಂದೇ ಬರ್ತಾರೆ. ನಿಮಗಂತೂ ಇಲ್ಲ, ಲ್ಯಾಬಿನವರ ತಪ್ಪೇನೋ, ಬಿಡಿ."

ಹೊರಗೆ ಬೆಂಚಿನ ಕಡೆಯಿಂದ ಚಿಲ್ಲರೆಯ ನಗು ಕೇಳುತ್ತಿತ್ತು. ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ಜೋರಾಗಿಯೇ ತುಳಿದೆ.

"ಲ್ಯಾಬಿನವರ ತಪ್ಪಲ್ಲ ಸಾರ್" ಎಂದರು ಇವರು. "ಅದು ನನ್ನ ಕಂಡಕ್ಟರದ್ದು. ಹೊರಗೆ ಕೂತಿದಾನೆ. ಇವಳು ಸುಳ್ಳು ಹೇಳಿದ್ದು ನನಗೋಸ್ಕರ, ತಪ್ಪು ತಿಳ್ಕೋಬೇಡಿ. ಅವನನ್ನ ಈಗ್ಲೇ ನೋಡಿ ಸಾರ್, ಬಿಟ್ರೆ ಅವನು ಮತ್ತೆ ಬರಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಸಿಸ್ಟರನ್ನು ಕರೆದರು. ಸಿಸ್ಟರು ನನ್ನ ಕೈಚೀಲದಿಂದ ಮಾತ್ರೆಯ ಡಬ್ಬಿ ವಾಪಸು ಪಡೆದು, ಕಣ್ಣು ತಪ್ಪಿಸಿ, ಬಾಗಿಲು ತೆರೆದು ಚಿಲ್ಲರೆಯನ್ನು ಕೂಗಿದರು. ಅವರು ಒಳಗೆ ಬಂದು, ವಿಷಯ ಕೇಳಿ, ಕೆಂಡವಾದರು.

"ಅಲ್ಲಣ್ಣಾ, ನಿನ್ನ ಮಾನ ಉಳಿಸ್ದೋನ್ನೇ ಹಿಡ್ಕೊಟ್ಯಾ?"

"ಹೂಂ ಕಣೋ. ಕೂತ್ಕೋ. ತೋಳು ಮೇಲೆತ್ಕೋ, ರಕ್ತ ತಗೋತಾರೆ."

ಚಿಲ್ಲರೆಗೆ ಸಕ್ಕರೆ ಕಾಯಿಲೆ ಇತ್ತು. ಎಷ್ಟು ವರ್ಷದಿಂದ ಕಿಡ್ನಿ ತಿನ್ನುತ್ತಿತ್ತೋ, ಅವರಿಗೇ ತಿಳಿಯದು. ಈಗ ಮಾತ್ರೆ ನುಂಗುತ್ತಾ, ಊಟದಲ್ಲಿ ಉಪ್ಪು ಕಡಿಮೆ ಎಂದು ಹೆಂಡತಿಯ ಮೇಲೆ ಹಾರಾಡುತ್ತಾ ಡ್ಯೂಟಿಗೆ ಹೋಗುತ್ತಿದ್ದಾರೆ. ಸೋರಿಕೆ ತಗ್ಗಿದೆಯಂತೆ. ನಾವು ಸಾಮಾನ್ಯ ಸರದಿಯಲ್ಲಿದ್ದೇವೆ. ಕಲ್ಲು ಇನ್ನೂ ಅಲ್ಲೇ ಇದೆ, ನಮ್ಮ ಸರದಿ ಇನ್ನೂ ಬಂದಿಲ್ಲ. ಎರಡರಲ್ಲಿ ಯಾವುದು ಮೊದಲು ಅಲುಗುತ್ತದೋ ನೋಡಬೇಕು. ಇವರು ಸೊಂಟ ನೀವಿಕೊಂಡಾಗಲೆಲ್ಲ ನಾನು ನೀರಿನ ಚೊಂಬು ಹಿಡಿದು ಓಡುತ್ತೇನೆ.

ಅವತ್ತು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಇವರನ್ನು ಹಿಡಿದು ಜಾಡಿಸಿದೆ. "ಇರೋ ಒಂದನ್ನೂ ದಾನ ಮಾಡಿ ಬಂದ್ರಲ್ರೀ! ಬಾಯಿ ಮುಚ್ಕೊಂಡು ಕೂತಿದ್ರೆ ಏನು ಗಂಟು ಹೋಗ್ತಿತ್ತು?"

"ಚಿಲ್ಲರೆ ಹೋಗ್ತಿದ್ದ ಕಣೇ" ಎಂದರು.

ಅವರು ಸುಮ್ಮನೆ ಕೂತುಬಿಟ್ಟಿದ್ದರೆ ನನಗೆ ಒಂದು ಒಳ್ಳೆಯ ಕಿಡ್ನಿ ಉಳಿಯುತ್ತಿತ್ತು. ಅಣ್ಣಾ ಎಂದವನನ್ನು ಬಲಿಕೊಟ್ಟು ಉಳಿದ ಕಿಡ್ನಿಯ ಜೊತೆಗೆ ಬಾಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.