ವೈರಿ ರೇಡಿಯೋದಲ್ಲಿ ಕಾಕಾನ ಹೆಸರು

ಮೊನ್ನೆ ಮಿಕ್ಸರ್ ರಿಪೇರಿಗೆಂದು ಶಿಗ್ಗಾಂವಿಗೆ ಹೋಗಿದ್ದೆ. ಅಂಗಡಿಯ ಹುಡುಗ ಯಾರದೋ ಮನೆಯ ಅಟ್ಟದಿಂದ ಇಳಿಸಿ ತಂದ ಹಳೆಯ ವಾಲ್ವ್ ರೇಡಿಯೋಕ್ಕೆ ಜೀವ ಬರಿಸಲು ಒದ್ದಾಡುತ್ತಿದ್ದ. ಗುಂಡಿ ತಿರುವಿದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಕೆಂಪಗೆ ಬೆಳಕಾಯಿತು, ವರ್ಷಗಟ್ಟಲೆ ಕೂತ ಧೂಳು ಕಾಯತೊಡಗಿತು, ಆ ವಾಸನೆ ಬಂತು ನೋಡಿ! ಅರವತ್ತು ದಾಟಿದ ಹೆಂಗಸು ನಾನು, ಮಿಕ್ಸರಿನ ಜಾರು ಎದೆಗವಚಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಯಾಕ್ರೀ ಅಕ್ಕಾರ, ತಲಿ ತಿರಗಾಕತ್ತೈತೇನ್ರಿ?" ಎಂದು ಅವನು ನೀರಿನ ಬಾಟಲಿ ಚಾಚಿದ. ಏನೂ ಇಲ್ಲೋ ತಮ್ಮಾ, ನಿನ್ನ ಕೆಲಸ ನೀನು ಮಾಡು ಎಂದೆ.

ಸವಣೂರಿನ ನಮ್ಮ ಮನೆಯಲ್ಲಿ ಅಂಥದೇ ಒಂದು ರೇಡಿಯೋ ಇತ್ತು. ಅಪ್ಪನ ತಮ್ಮ, ನಮ್ಮ ಬಸವರಾಜ ಕಾಕಾ, ವಾಯುಸೇನೆಯಲ್ಲಿ ವಿಮಾನ ಹಾರಿಸುತ್ತಿದ್ದ. ಮೊದಲ ಪಗಾರದಲ್ಲಿ ಅದನ್ನು ತಂದು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದ. ಆಯಿ, ಅಂದರೆ ಅವನ ಅವ್ವ, ಅದಕ್ಕೊಂದು ಕಸೂತಿಯ ಬಟ್ಟೆ ಹೊದಿಸಿದ್ದಳು. ಕಾಕಾ ರಜೆಗೆ ಬಂದರೆ ಇಡೀ ಓಣಿ ನಮ್ಮ ಕಟ್ಟೆಯ ಮೇಲೆ. ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಅಂಗಳದ ತುಂಬ ಗಿರಿಗಿರಿ ತಿರುಗಿಸಿ, "ಇನ್ನ ಇಳೀತೈತಿ ನೋಡ ವಿಮಾನ" ಎನ್ನುತ್ತಿದ್ದ. ನನಗೆ ಎಂಟು ವರ್ಷವಿದ್ದಾಗ ಯುದ್ಧ ಬಂತು. ಯುದ್ಧದ ಆರನೆಯ ದಿನವೋ ಏಳನೆಯ ದಿನವೋ ತಂತಿ ಬಂತು. ಗಡಿಯಾಚೆ ಹೋದ ವಿಮಾನ ಹೊಡೆತಕ್ಕೆ ಸಿಕ್ಕಿದೆ, ನಿಮ್ಮ ಮಗ ಕಾಣೆಯಾಗಿದ್ದಾನೆ ಎಂದು ಅದರಲ್ಲಿತ್ತು. ಅಪ್ಪ ಓದಿ ಹೇಳಿ, ಕಂಬಕ್ಕೆ ಒರಗಿ ಕೂತ.

ಕಾಣೆಯಾದವನು ಎಂದರೆ ಸತ್ತವನು ಎಂದು ಓಣಿ ಅದೇ ದಿನ ತೀರ್ಮಾನ ಮಾಡಿತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಮಧ್ಯಾಹ್ನಕ್ಕೆಲ್ಲ ಸೆರಗಿನಡಿ ಗಂಟು ಹಿಡಿದು, ಬಾಗಿಲಲ್ಲೇ ದನಿ ತೆಗೆದು ಅಳುತ್ತ ಹೆಂಗಸರು ಬಂದರು. ಆಯಿ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ಅಡಿಗೆಮನೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. "ಅಳೂದಿದ್ರ ಇಲ್ಲೇ ಕುಂದರ್ರಿ, ತೊಟ್ಟ ಮುರೀರಿ. ಕಣ್ಣೀರು ತಾನ ಬರ್ತಾವು" ಎಂದಳು. ಯಾರೋ ಒಬ್ಬಳು ವಿಧಿ, ಹಣೆಬರಹ ಎಂದು ಶುರು ಮಾಡಿದಾಗ ಆಯಿ ತಲೆ ಎತ್ತಿದಳು. "ಸಿಕ್ಕಿಲ್ಲ ಅಂದ್ರ ಸತ್ತಾನಂತ ಅಲ್ಲವಾ. ನಮ್ಮ ಎಮ್ಮಿ ಎರಡ ದಿನ ಸಿಕ್ಕಿರಲಿಲ್ಲ, ಆಮ್ಯಾಲ ಹತ್ತಿಮತ್ತೂರಾಗ ಮೇಯಾಕತ್ತಿತ್ತು!" ತಂದ ರೊಟ್ಟಿಯ ಗಂಟುಗಳನ್ನು ಒಂದೂ ಬಿಚ್ಚದೆ ಅವರವರ ಕೈಗೇ ಕೊಟ್ಟು ಕಳಿಸಿದಳು. ಅವಳಿಗೆ ತಲೆ ಕೆಟ್ಟಿದೆ ಎಂದು ಮಾತಾಯಿತು. ನನಗೂ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

ಎದುರು ಮನೆಯ ದಸ್ತಗೀರ ಮಾಮಾ ಮಾತ್ರ ಅಳಲು ಬರಲಿಲ್ಲ. ಅವನು ಟೇಲರ್, ಪೇಟೆಯಲ್ಲಿ ಅಂಗಡಿ, ಬಾಯಿತುಂಬ ಸದಾ ಎಲೆಅಡಿಕೆ. ಎರಡು ದಿನ ಬಿಟ್ಟು ಬಂದು ತಗ್ಗಿದ ದನಿಯಲ್ಲಿ ಒಂದು ಸುದ್ದಿ ಹೇಳಿದ. ಸೆರೆ ಸಿಕ್ಕವರ ಹೆಸರನ್ನು ಆ ಕಡೆಯವರು ಸಂಜೆ ತಮ್ಮ ರೇಡಿಯೋದಲ್ಲಿ ಓದುತ್ತಾರಂತೆ, ಉರ್ದುವಿನಲ್ಲಿ. ಆಯಿಗೆ ಉರ್ದು ಬಾರದು, ನಮ್ಮಲ್ಲಿ ಯಾರಿಗೂ ಬಾರದು. "ಹಂಗಾರ ನೀನ ಕೇಳಿ ಹೇಳು" ಎಂದಳು ಆಯಿ. "ನಾ ಆ ರೇಡಿಯೋ ಕೇಳಿದ್ರ ಮಂದಿ ಏನಂತಾರ ಅನ್ನೂದು ನಿಮಗ ಗೊತ್ತೈತ್ರಿ, ಅವ್ವಾರ" ಎಂದ ಮಾಮಾ. ಆಯಿ ಎದ್ದು ಬೀದಿಬಾಗಿಲನ್ನು ಎರಡೂ ಕಡೆ ಪೂರ್ತಿ ತೆರೆದಳು. "ಕದ ತಗದ, ಕಟ್ಟೀ ಮ್ಯಾಲ ಕುಂತ ಕೇಳು. ಮುಚ್ಚಿ ಕೇಳಿದ್ರ ಕಳವು ಆಕ್ಕೈತಿ."

ಅಂದಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ರೇಡಿಯೋ ಕಟ್ಟೆಗೆ ಬರುತ್ತಿತ್ತು. ಮಾಮಾ ಮುಳ್ಳು ತಿರುವುತ್ತ ಕೂಡುತ್ತಿದ್ದ, ಪಕ್ಕದಲ್ಲಿ ಆಯಿ, ಅವಳ ಸೆರಗು ಹಿಡಿದು ನಾನು. ಗರಗರ ಸದ್ದಿನ ನಡುವೆ ಹೆಸರುಗಳು ಬರುತ್ತಿದ್ದವು, ಯಾರ ಯಾರವೋ. ಒಂದೊಂದು ಹೆಸರಿಗೂ ಆಯಿ ಮಾಮಾನ ಮುಖ ನೋಡುವಳು, ಮಾಮಾ ತಲೆ ಅಲ್ಲಾಡಿಸುವನು. "ಇರಲಿ, ಅದೂ ಒಬ್ಬ ತಾಯಿ ಮಗಾನ" ಎನ್ನುವಳು ಆಯಿ. ನಾಲ್ಕನೆಯ ಸಂಜೆ ಓಣಿಯ ಹಿರಿಯ ಶಿವಲಿಂಗಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಯುದ್ಧದ ಕಾಲದಲ್ಲಿ ವೈರಿ ರೇಡಿಯೋ ಹಚ್ಚುವುದು, ಅದೂ ಇಂವನನ್ನು ಕೂಡಿಸಿಕೊಂಡು, ಛಲೋ ಅಲ್ಲ ಎಂದ. ಮಾಮಾ ಏಳಲು ಹೊರಟ. ಆಯಿ ಅವನ ರಟ್ಟೆ ಹಿಡಿದು ಕೂರಿಸಿದಳು. "ಇಂವನ್ನ ಅಂದ್ರ ಯಾರನ್ನೋ? ನಿನ್ನ ಮದಿವಿ ಕೋಟು ಹೊಲದಾಂವ ಇಂವಾನ. ನಾ ಹೊಟ್ಟೀ ಮಗನ್ನ ಕಳಿಸೇನಿ. ನೀ ಏನ್ ಕಳಿಸೀದಿ? ಅದನ್ನ ಹೇಳಿ ಮುಂದ ಮಾತಾಡು." ಶಿವಲಿಂಗಪ್ಪ ಬಂದ ದಾರಿಗೆ ಸುಂಕವಿಲ್ಲದೆ ಹೋದ. ಈಗ ನೆನೆದರೂ ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸುತ್ತದೆ.

ಒಂಬತ್ತನೆಯ ಸಂಜೆ ಮಾಮಾ ಎಲೆಅಡಿಕೆ ಜಗಿಯುವುದನ್ನು ಥಟ್ಟನೆ ನಿಲ್ಲಿಸಿ ಕೈ ಎತ್ತಿದ. ಕಾಕಾನ ಹುದ್ದೆ, ಹೆಸರು, ನಮ್ಮ ಅಜ್ಜನ ಹೆಸರು, ಊರು ಸವಣೂರು. "ಅವ್ವಾರ, ಬಸಣ್ಣ ಅದಾನ್ರಿ. ಜೀವಂತ ಅದಾನ್ರಿ" ಎಂದು ದೊಡ್ಡ ಗಂಡಸು ಗೊಳೋ ಎಂದು ಅತ್ತ. ಆಯಿ ಅಳಲಿಲ್ಲ. ಇನ್ನೊಮ್ಮೆ ಹೇಳು ಎಂದು ಮೂರು ಸಲ ಹೇಳಿಸಿದಳು. ಒಳಗೆ ಹೋಗಿ ಬೆಲ್ಲ ತಂದು, ಎಲೆಅಡಿಕೆ ತುಂಬಿದ ಆ ಬಾಯಿಗೇ ತುರುಕಿದಳು.

ಓಣಿ ಅದನ್ನೂ ನಂಬಲಿಲ್ಲ. ವೈರಿಗಳು ನಿಜ ಹೇಳುತ್ತಾರೆಯೇ, ಮುದುಕಿಯ ಸಮಾಧಾನಕ್ಕೆ ಟೇಲರ್ ಕಟ್ಟಿದ ಕತೆ ಎಂದರು. ಓಣಿಯ ಮಾತು ಬಿಡಿ, ನನ್ನ ಅಪ್ಪನೇ ನಂಬಲಿಲ್ಲ; ನಿನ್ನ ತಮ್ಮ ಬದುಕಿದ್ದಾನೆ ಎಂದರೆ ಮುಖ ತಿರುವುತ್ತಿದ್ದ. ಮೂರು ವಾರದ ಮೇಲೆ ಸರಕಾರದ ಪತ್ರ ಬಂತು. ಸೆರೆಯಲ್ಲಿದ್ದಾನೆ, ಕ್ಷೇಮ. ಅಪ್ಪ ಓದಲು ಹೊರಟರೆ ಆಯಿ ತಡೆದಳು. "ನೀ ಓದಿಕೋ. ನನಗ ದಸ್ತಗೀರ ಹೇಳಿದ ದಿನಾನ ಪತ್ರ ಬಂದೈತಿ."

ಕಾಕಾ ಮರಳಿದ್ದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ. ಯಲವಿಗಿ ಸ್ಟೇಷನ್ನಿನಲ್ಲಿ ಇಳಿದವನನ್ನು ನಾನು ಗುರುತಿಸಲಿಲ್ಲ. ಕೆನ್ನೆ ಒಳಹೊಕ್ಕಿದ್ದವು, ಮುರಿದು ಕೂಡಿದ ಎಡಗೈ ಸೊಟ್ಟಗಿತ್ತು. ಆ ಕೈ ನನ್ನನ್ನು ಇನ್ನು ಎತ್ತಿ ತಿರುಗಿಸಲಾರದು ಎಂದು ತಿಳಿದು ಅಳು ಬಂತು. ಹಾರ ಹಿಡಿದು ಬಂದವರಲ್ಲಿ ಶಿವಲಿಂಗಪ್ಪನೂ ಇದ್ದ. ಸವಣೂರು ಮುಟ್ಟಿದ್ದೇ ಆಯಿ ಮಗನನ್ನು ಮನೆಗೂ ಕರೆದೊಯ್ಯದೆ ನೆಟ್ಟಗೆ ಪೇಟೆಗೆ, ದಸ್ತಗೀರ ಮಾಮಾನ ಅಂಗಡಿಗೆ ನಡೆಸಿದಳು. ಮೈಮೇಲೆ ಒಂದು ನೆಟ್ಟನೆಯ ಅಂಗಿ ಇಲ್ಲ, ಹೊಲಿಯಪ್ಪಾ ಎಂದಳು.

ಮಾಮಾ ಟೇಪು ಹಿಡಿದು ಕಾಕಾನ ಎದೆ ಅಳೆದ, ಭುಜ ಅಳೆದ. ಕಾಕಾ ನಗಲು ನೋಡಿದ. "ಜೇಲಿನವ್ರು ನಿನ್ನ ಹೆಸರ ರೇಡಿಯೋದಾಗ ಹೇಳ್ತೇವಿ ಅಂದಿದ್ರು ಮಾಮಾ. ಹೇಳ್ರಿ, ನಮ್ಮೂರಾಗ ಅದನ್ನ ಯಾರ ಕೇಳ್ತಾರ ಅಂದಿದ್ದೆ" ಎಂದ. ಮಾಮಾ ಟೇಪಿನ ಅಂಕಿಯನ್ನು ನೋಡಿ, ಟೇಪನ್ನು ಸುತ್ತಿ ಮೇಜಿನ ಮೇಲೆ ಎಸೆದ. "ಜೇಲಿನ ಅಳತೀಗೆ ನಾ ಅಂಗಿ ಹೊಲ್ಯಾಂಗಿಲ್ಲ, ಬಸಣ್ಣ. ನಿಮ್ಮ ಹಳೀ ಅಳತಿ ನನ್ನ ವಹಿಯೊಳಗ ಐತಿ, ಅದಕ್ಕ ಹೊಲಿತೇನಿ. ತುಂಬೂದು ನಿಮ್ಮ ಕೆಲಸ."

ಆ ಬಿಳಿ ಅಂಗಿ ಹಾಕಿಕೊಂಡು ಕಾಕಾ ಪೇಟೆಯಲ್ಲಿ ನಡೆದರೆ ಒಳಗೆ ಇನ್ನೊಬ್ಬ ಮನುಷ್ಯ ಹಿಡಿಯುವಷ್ಟು ಜಾಗವಿತ್ತು. ನೋಡಿದವರು ನಕ್ಕರು, ಅವನು ದಿನಾ ಅದನ್ನೇ ಹಾಕಿದ. ಆಯಿಯ ರೊಟ್ಟಿ, ಬೆಣ್ಣೆ, ಬೈಗುಳ ತಿಂದು ತಿಂದು, ಮುಂದಿನ ಸುಗ್ಗಿಗೆ ಅಂಗಿಯ ಗುಂಡಿ ಬಿಗಿಯಾದವು. ಈಗ ಆಯಿ ಇಲ್ಲ, ಮಾಮಾ ಇಲ್ಲ, ಆ ಮನೆಯೂ ಇಲ್ಲ. ಕಾಕಾ ಹೋದದ್ದು ಕಳೆದ ವರ್ಷ. ಸೆರೆಯಲ್ಲಿ ಅಲ್ಲ, ಗಡಿಯಾಚೆ ಅಲ್ಲ; ಸವಣೂರಿನಲ್ಲಿ, ತನ್ನ ಹಾಸಿಗೆಯ ಮೇಲೆ, ಎಂಬತ್ತು ದಾಟಿ, ಮೈ ತುಂಬಿಕೊಂಡ ಮುದುಕನಾಗಿ.